ಗೋಡೆಗೆ ಬಂದ ವ್ಯಂಗ್ಯಚಿತ್ರಕ್ಕೆ ಅದರ ದಿನವೂ ಬೇಕು

ಬೆಂಗಳೂರಿನ ಎಂ.ಜಿ. ರಸ್ತೆಯ ಟ್ರಿನಿಟಿ ವೃತ್ತದ ಬಳಿ, ಮಿಡ್‌ಫರ್ಡ್ ಗಾರ್ಡನ್ಸ್‌ನಲ್ಲಿ, 2007ರಲ್ಲಿ ಇಂಡಿಯನ್ ಕಾರ್ಟೂನ್ ಗ್ಯಾಲರಿ ತೆರೆದದ್ದು ಕರ್ನಾಟಕದ ಮಟ್ಟಿಗೆ ಸಣ್ಣ ಸಂಗತಿಯಲ್ಲ. ವ್ಯಂಗ್ಯಚಿತ್ರಕಾರರೇ ಕಟ್ಟಿಕೊಂಡ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್ ನಡೆಸುವ ಈ ಪುಟ್ಟ ಗ್ಯಾಲರಿ, ಮರುದಿನ ಬೆಳಿಗ್ಗೆ ರದ್ದಿಗೆ ಹೋಗುವ ಕಾಗದದ ಮೇಲೆ ಹುಟ್ಟಿದ ಕಲೆಗೆ ಗೋಡೆಯ ಗೌರವ ಕೊಟ್ಟಿತು. ತೈಲಚಿತ್ರ, ಶಿಲ್ಪ, ಜಲವರ್ಣಗಳಿಗೆ ಮಾತ್ರ ಸಲ್ಲುತ್ತಿದ್ದ ಆ ಗೌರವ ಪತ್ರಿಕೆಯ ಮೂಲೆಯ ಚಿತ್ರಕ್ಕೂ ಸಲ್ಲಬೇಕೆಂಬ ಹಟ ಅದರ ಹಿಂದಿದೆ, ಮತ್ತು ಆ ಹಟ ನ್ಯಾಯವಾದದ್ದು. ಆದರೆ ವ್ಯಂಗ್ಯಚಿತ್ರ ಬೇರೆ ಚಿತ್ರಗಳ ಹಾಗಲ್ಲ. ಅದರಲ್ಲಿ ಅರ್ಧ ಗೆರೆ, ಅರ್ಧ ಮಾತು. ಆ ಮಾತಿಗೆ ಅರ್ಥ ಬರುವುದು ಅದು ಅಚ್ಚಾದ ದಿನದಿಂದ. ಗೋಡೆಗೆ ತಂದಾಗ ಗೆರೆ ಉಳಿದು ಮಾತು ಮತ್ತು ದಿನ ಕಳಚಿಹೋದರೆ, ನಾವು ತೂಗುಹಾಕಿದ್ದು ವ್ಯಂಗ್ಯಚಿತ್ರದ ಅರ್ಧಭಾಗವನ್ನಷ್ಟೇ. ಇಂಥ ಗ್ಯಾಲರಿಗಳು ಇನ್ನಷ್ಟು ಆಗಬೇಕು ಎಂದು ನಾವು ಕೇಳುವಾಗ, ಪ್ರತಿ ಚಿತ್ರದ ಜತೆ ಅದರ ಅಡಿಬರಹ, ಅಚ್ಚಾದ ದಿನಾಂಕ, ಅಂದಿನ ಸುದ್ದಿ ಇವು ಮೂರೂ ಗೋಡೆಯ ಮೇಲಿರಬೇಕು ಎಂದು ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಅಬು ಅಬ್ರಹಾಂ 1975ರ ಡಿಸೆಂಬರ್‌ನಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ಗೆ ಬರೆದ ಚಿತ್ರವನ್ನೇ ತೆಗೆದುಕೊಳ್ಳಿ. ಸ್ನಾನದ ತೊಟ್ಟಿಯಲ್ಲಿ ಕುಳಿತ ವ್ಯಕ್ತಿಯೊಬ್ಬ ಸಹಿ ಹಾಕಿದ ಕಾಗದವನ್ನು ಬಾಗಿಲ ಸಂದಿಯಿಂದ ಚಾಚಿದ ಕೈಗೆ ಕೊಡುತ್ತಿದ್ದಾನೆ. ಇಷ್ಟನ್ನೇ ನೋಡಿದವರಿಗೆ ಅದು ಯಾವುದೋ ಮನೆಯ ತಮಾಷೆ. ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯಲು ಹೇಳಿ ಎಂಬರ್ಥದ ಅಡಿಬರಹ ಓದಿದಾಗ, ತೊಟ್ಟಿಯಲ್ಲಿರುವವರು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಎಂದು ಗೊತ್ತಾದಾಗ, ಅದು ತುರ್ತುಪರಿಸ್ಥಿತಿಯ ಆರನೆಯ ತಿಂಗಳು ಎಂದು ನೆನಪಾದಾಗ, ಅದೇ ಚಿತ್ರ ಸಂವಿಧಾನದ ಅತ್ಯುನ್ನತ ಹುದ್ದೆಯ ಬಗ್ಗೆ ಒಂದು ದೇಶ ಆಡಲಾರದೆ ನುಂಗಿಕೊಂಡಿದ್ದ ಮಾತಾಗುತ್ತದೆ. ಪತ್ರಿಕೆಗಳ ಮೇಲೆ ಸೆನ್ಸಾರ್ ಕಣ್ಣಿದ್ದ ಕಾಲದಲ್ಲಿ ಅದು ಅಚ್ಚಾಯಿತೆಂಬುದೂ ಚಿತ್ರದ ಅರ್ಥದ ಭಾಗವೇ. ಗೆರೆ ಒಂದೂ ಬದಲಾಗಿಲ್ಲ. ಮಾತು ಮತ್ತು ದಿನ ಸೇರಿದ್ದರಿಂದ ಚಿತ್ರ ಪೂರ್ತಿಯಾಯಿತು. ಈಗ ಇಪ್ಪತ್ತರ ವಯಸ್ಸಿನಲ್ಲಿರುವ ಓದುಗರಿಗೆ ಆ ರಾಷ್ಟ್ರಪತಿಯ ಮುಖಪರಿಚಯ ಇರುವುದು ಕಷ್ಟ, ಸುಗ್ರೀವಾಜ್ಞೆ ಎಂದರೇನು ಎಂಬುದೂ ಪಠ್ಯಪುಸ್ತಕದ ಸಂಗತಿ. ಅವರು ಗ್ಯಾಲರಿಯಲ್ಲಿ ಈ ಚಿತ್ರದ ಮುಂದೆ ನಿಂತು ಏನೂ ಹೊಳೆಯದೆ ಮುಂದೆ ಸರಿದರೆ ಆ ಲೋಪ ಅವರದಲ್ಲ.

ಅಚ್ಚಿನ ಕೆಲಸದ ರೀತಿಯೇ ಈ ಕಳಚುವಿಕೆಗೆ ಒಂದು ಕಾರಣ. ವ್ಯಂಗ್ಯಚಿತ್ರಕಾರರು ಸಾಮಾನ್ಯವಾಗಿ ಅಚ್ಚಿನ ಅಳತೆಗಿಂತ ದೊಡ್ಡದಾಗಿ ಬರೆಯುತ್ತಿದ್ದರು. ನೀಲಿ ಪೆನ್ಸಿಲ್‌ನಲ್ಲಿ ಹಾಕಿಕೊಂಡ ಗುರುತು ಕ್ಯಾಮೆರಾಗೆ ಕಾಣುತ್ತಿರಲಿಲ್ಲ, ತಪ್ಪಿದ ಗೆರೆಗೆ ಬಿಳಿ ಬಣ್ಣ ಬಳಿದು ಮೇಲೆ ಮತ್ತೆ ಬರೆಯಬಹುದಿತ್ತು. ಮೂಲಪ್ರತಿಯ ಸೊಗಸು ಇರುವುದು ಇಲ್ಲೇ; ಕೈ ಎಲ್ಲಿ ಅನುಮಾನಿಸಿತು, ಎಲ್ಲಿ ಧೈರ್ಯ ಮಾಡಿತು ಎಂಬುದು ಅಲ್ಲಿ ಕಾಣುತ್ತದೆ. ಆದರೆ ಮೊಳೆ ಜೋಡಿಸುವ ಕಾಲದಲ್ಲಿ ಪಾಕೆಟ್ ಕಾರ್ಟೂನಿನ ಅಡಿಬರಹ ಚಿತ್ರದ ಬ್ಲಾಕಿನ ಕೆಳಗೆ ಅಚ್ಚುಮೊಳೆಯಲ್ಲಿ ಬರುತ್ತಿತ್ತು. ಹಾಗಾಗಿ ಮೂಲ ಹಾಳೆಯಲ್ಲಿ ಆ ಮಾತು ಅಂಚಿನಲ್ಲೋ ಬೆನ್ನಿನಲ್ಲೋ ಪೆನ್ಸಿಲ್ ಗೀಚಾಗಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಚೌಕಟ್ಟು ಹಾಕುವವರು ಅಂದಕ್ಕಾಗಿ ಅಂಚನ್ನು ಮುಚ್ಚಿದರೆ ಇದ್ದದ್ದೂ ಹೋಯಿತು. ಬೆನ್ನಿನ ಮೇಲೆ ಸಂಪಾದಕೀಯ ವಿಭಾಗದವರು ಒತ್ತಿದ ದಿನಾಂಕದ ಮುದ್ರೆ, ಯಾವ ಪುಟ, ಎಷ್ಟು ಕಾಲಂ ಎಂಬ ಸೂಚನೆ ಇರಬಹುದು. ಅದೂ ಗೋಡೆಯ ಕಡೆ ತಿರುಗಿಬಿಡುತ್ತದೆ. ಅಂಚನ್ನು ಬಿಟ್ಟು ಚೌಕಟ್ಟು ಹಾಕುವುದು, ಬೆನ್ನಿನ ಬರಹದ ನಕಲನ್ನು ಪಕ್ಕದಲ್ಲಿಡುವುದು, ಸಾಧ್ಯವಾದರೆ ಅಂದಿನ ಪತ್ರಿಕೆಯ ಪುಟವನ್ನೇ ಚಿಕ್ಕದಾಗಿ ತೋರಿಸುವುದು, ಇವು ದೊಡ್ಡ ಖರ್ಚಿನ ಕೆಲಸಗಳಲ್ಲ.

ನಗೆಯನ್ನು ವಿವರಿಸಿದರೆ ನಗೆ ಸಾಯುತ್ತದೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಟಿಪ್ಪಣಿ ಬೇಡುವ ವ್ಯಂಗ್ಯಚಿತ್ರ ಸೋತ ವ್ಯಂಗ್ಯಚಿತ್ರ ಎಂದು ಕೆಲವು ಕಲಾವಿದರೇ ವಾದಿಸುತ್ತಾರೆ. ಅಂದಿನ ಓದುಗರ ವಿಷಯದಲ್ಲಿ ಈ ಮಾತು ಸರಿ. ಆದರೆ ಅಂದಿನ ಓದುಗರಿಗೆ ಟಿಪ್ಪಣಿ ಇರಲಿಲ್ಲವೇ? ಅದೇ ಪುಟದ ಮೇಲ್ಭಾಗದ ತಲೆಬರಹ, ಹಿಂದಿನ ರಾತ್ರಿ ಕೇಳಿದ ರೇಡಿಯೊ ವಾರ್ತೆ, ಬಸ್ ನಿಲ್ದಾಣದ ಮಾತುಕತೆ, ರೇಷನ್ ಅಂಗಡಿಯ ಸಾಲು ಎಲ್ಲವೂ ಟಿಪ್ಪಣಿಯೇ ಆಗಿದ್ದವು. ಚಿತ್ರವನ್ನು ಪುಟದಿಂದ ಕತ್ತರಿಸಿ ಗೋಡೆಗೆ ತಂದಾಗ ನಾವು ಅವನ್ನೆಲ್ಲ ಕಿತ್ತುಹಾಕಿರುತ್ತೇವೆ. ಈ ಚಿತ್ರ ಏಕೆ ನಗೆ ತರಿಸುತ್ತದೆ ಎಂದು ಬರೆಯುವುದು ಬೇರೆ, ಆ ದಿನ ಏನಾಗಿತ್ತು ಎಂದು ತಿಳಿಸುವುದು ಬೇರೆ. ಮೊದಲನೆಯದನ್ನು ಯಾರೂ ಕೇಳುತ್ತಿಲ್ಲ. ಎರಡನೆಯದು ಸಿಕ್ಕರೆ ನೋಡುವವರು ತಾವೇ ನಗುತ್ತಾರೆ, ಅಥವಾ ನಗದೆ ಸುಮ್ಮನಾಗುತ್ತಾರೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ 2012ರ ಘಟನೆಯಿಂದ ಬರುತ್ತದೆ. ಶಂಕರ್ 1949ರಲ್ಲಿ ಬರೆದಿದ್ದ ವ್ಯಂಗ್ಯಚಿತ್ರವೊಂದು ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ರಾಜ್ಯಶಾಸ್ತ್ರ ಪುಸ್ತಕದಲ್ಲಿತ್ತು. ಸಂವಿಧಾನ ಎಂದು ಬರೆದ ಬಸವನಹುಳುವಿನ ಮೇಲೆ ಅಂಬೇಡ್ಕರ್ ಚಾವಟಿ ಹಿಡಿದು ಕುಳಿತಿದ್ದಾರೆ, ಹಿಂದೆ ನೆಹರೂ ಕೂಡ ಚಾವಟಿ ಎತ್ತಿದ್ದಾರೆ. ಸಂವಿಧಾನ ರಚನೆ ನಿಧಾನವಾಯಿತೆಂಬ ಅಂದಿನ ಗೊಣಗಾಟವೇ ಚಿತ್ರದ ವಸ್ತು. ಆ ವರ್ಷದ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ದೊಡ್ಡ ಗದ್ದಲವಾಯಿತು, ಸರ್ಕಾರ ಚಿತ್ರವನ್ನು ತೆಗೆಯುವುದಾಗಿ ಹೇಳಿತು, ಪುಸ್ತಕದ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ರಾಜೀನಾಮೆ ಕೊಟ್ಟರು. ಪುಸ್ತಕದಲ್ಲಿ ಚಿತ್ರದ ಜತೆ ವಿವರಣೆ ಇದ್ದೇ ಇತ್ತು. ರಚನೆಗೆ ಅಷ್ಟು ಕಾಲ ಏಕೆ ಬೇಕಾಯಿತು ಎಂಬ ಪ್ರಶ್ನೆಯೂ ಇತ್ತು. ಹಾಗಿದ್ದರೂ ವಿವಾದ ತಪ್ಪಲಿಲ್ಲವಲ್ಲ, ಟಿಪ್ಪಣಿಯಿಂದ ಏನು ಪ್ರಯೋಜನ ಎಂದು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆ ವಿವರಣೆ ಬಸವನಹುಳುವಿನ ಬಗ್ಗೆ ಹೇಳಿತು, ಚಾವಟಿಯ ಬಗ್ಗೆ ಹೇಳಲಿಲ್ಲ. ಶತಮಾನಗಳ ಕಾಲ ಚಾವಟಿಯ ಏಟು ತಿಂದವರ ಮಕ್ಕಳು ಮೊಮ್ಮಕ್ಕಳು, ತಮಗೆ ಹಕ್ಕು ಬರೆದುಕೊಟ್ಟವರ ಬೆನ್ನ ಹಿಂದೆ ಚಾವಟಿ ಎತ್ತಿದ ಕೈಯನ್ನು ಕಂಡರೆ ಮೊದಲು ಕಾಣುವುದು ಹುಳುವಲ್ಲ. ಅವರ ನೋವು ಅಜ್ಞಾನದಿಂದ ಹುಟ್ಟಿದ್ದಲ್ಲ, ಇತಿಹಾಸದಿಂದ ಹುಟ್ಟಿದ್ದು. ಚಿತ್ರವನ್ನು ತೆಗೆದುಹಾಕಿದ್ದರಿಂದ 1949ರಲ್ಲಿ ಜನ ಏನು ಗೊಣಗುತ್ತಿದ್ದರು ಎಂಬುದಕ್ಕಿದ್ದ ಸಾಕ್ಷಿ ತರಗತಿಯಿಂದ ಹೊರಗೆ ಹೋಯಿತು. ಆ ಗೊಣಗಾಟದ ನಡುವೆಯೂ ಅಂಬೇಡ್ಕರ್ ಕೆಲಸ ಮುಗಿಸಿದರು ಎಂದು ಆ ಚಿತ್ರವನ್ನೇ ಮುಂದಿಟ್ಟು ಕಲಿಸುವ ಅವಕಾಶವೂ ಅದರ ಜತೆ ಹೋಯಿತು. ಅಂದಿನವರು ಹೇಗೆ ಓದಿದರು, ಆಮೇಲಿನವರಿಗೆ ಏಕೆ ನೋವಾಯಿತು ಎಂಬ ಎರಡನ್ನೂ ಹೇಳುವ ಟಿಪ್ಪಣಿ ಬೇಕಿತ್ತು. ಅರ್ಧ ಹೇಳಿದ ಟಿಪ್ಪಣಿ ಸೋತಿತೆಂದು ಟಿಪ್ಪಣಿಯನ್ನೇ ಬಿಡುವುದು ಸರಿಯಾದ ತೀರ್ಮಾನವಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೆ ಜಾಗ ಸಾಲದಿರಬಹುದು. ಗ್ಯಾಲರಿಯಲ್ಲಿ ಜಾಗವಿದೆ, ನಿಂತು ಓದುವ ಪುರಸೊತ್ತೂ ಇದೆ.

ಇನ್ನು, ಒಳ್ಳೆಯ ಗೆರೆಗೆ ಮಾತಿನ ಊರುಗೋಲು ಬೇಡ ಎನ್ನುವವರಿದ್ದಾರೆ. ಅವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರನ್ನು ಉದಾಹರಿಸುತ್ತಾರೆ. ಲಕ್ಷ್ಮಣ್ ಬರೆದ ಕಾಗೆಗಳಿಗೆ ಮಾತು ಬೇಡ, ನಿಜ. ಆ ಕೊಕ್ಕು, ಆ ಓರೆನೋಟ ಸಾಕು. ಆದರೆ ಅವರು ಮನೆಮಾತಾದದ್ದು ಕಾಗೆಗಳಿಂದಲ್ಲ, ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಲ್ಲಿ ಶುರುವಾದ ‘ಯು ಸೆಡ್ ಇಟ್’ ಮಾಲೆಯಿಂದ. ಅಲ್ಲಿ ಚೌಕಳಿ ಕೋಟಿನ ಜನಸಾಮಾನ್ಯ ಬಾಯಿಬಿಡುವುದಿಲ್ಲ, ಅವನ ಸುತ್ತ ಮಂತ್ರಿಗಳು, ಅಧಿಕಾರಿಗಳು ಆಡುತ್ತಾರೆ. ಆ ಮೌನಕ್ಕೆ ಬೆಲೆ ಬರುವುದೇ ಕೆಳಗೆ ಇನ್ನೊಬ್ಬರ ಮಾತು ಅಚ್ಚಾಗಿರುವುದರಿಂದ. ಮಾತನ್ನು ಮುಚ್ಚಿ ನೋಡಿದರೆ ಆತ ಸುಮ್ಮನೆ ನಿಂತ ಮುದುಕ. ಗೆರೆಯನ್ನು ಮೆಚ್ಚುವುದು ಬೇಡವೆಂದಲ್ಲ. ಗೆರೆಯನ್ನಷ್ಟೇ ಮೆಚ್ಚುವುದು ಲಕ್ಷ್ಮಣ್ ಅವರ ಕಸುಬಿನ ಅರ್ಧವನ್ನು ಅಲ್ಲಗಳೆದಂತೆ.

ಚಿತ್ರಕ್ಕೂ ಮಾತಿಗೂ ಇರುವ ಈ ನಂಟು ಕನ್ನಡಿಗರಿಗೆ ಪತ್ರಿಕೆಗಳು ಕಲಿಸಿದ್ದಲ್ಲ. ಕಾರ್ಟೂನ್ ಗ್ಯಾಲರಿಗೆ ದೂರವೇನಲ್ಲದ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಹತ್ತನೆಯ ಶತಮಾನದ ಆ ಕಲ್ಲಿನಲ್ಲಿ ನಾಯಿಯೊಂದು ಕಾಡುಹಂದಿಯ ಮೇಲೆ ಎರಗಿದ ಕೆತ್ತನೆ, ಅದರೊಡನೆ ಹಳಗನ್ನಡದ ಬರಹ. ಕೆತ್ತನೆಯಷ್ಟೇ ಇದ್ದಿದ್ದರೆ ನಾವು ಅದನ್ನು ಬೇಟೆಯ ದೃಶ್ಯ ಎಂದು ಕರೆದು ಮುಂದೆ ಹೋಗುತ್ತಿದ್ದೆವು. ಬರಹ ಇರುವುದರಿಂದ ನಾಯಿಯ ಹೆಸರು ಕಾಳಿ ಎಂದು ಗೊತ್ತು. ಗಂಗರ ಬೂತುಗನ ಕಡೆಯ ವೀರ ಮಣಲೆರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಅದನ್ನು ಬೇಡಿ ಪಡೆದನೆಂದು ಗೊತ್ತು. ನಾಯಿಯೂ ಹಂದಿಯೂ ಕಾದಾಡಿ ಎರಡೂ ಸತ್ತವೆಂದು ಗೊತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಬಿದ್ದ ಸುದ್ದಿಯೂ ಅಲ್ಲೇ ಇದೆ. ವ್ಯಂಗ್ಯಚಿತ್ರವನ್ನು ವೀರಗಲ್ಲಿನ ಪಕ್ಕ ನಿಲ್ಲಿಸುವುದು ಅತಿಯಾಯಿತು ಎನ್ನಿಸಬಹುದು. ಎರಡರ ಘನತೆ ಒಂದೇ ಎಂಬುದು ನನ್ನ ವಾದವಲ್ಲ. ಕೆತ್ತಿಸಿದವರು ಹೆಸರು, ದೊರೆ, ಸಂದರ್ಭಗಳನ್ನು ಚಿತ್ರದ ಜತೆಯಲ್ಲೇ ಕಲ್ಲಿಗಿಳಿಸಿದ್ದರಿಂದ ಸಾವಿರ ವರ್ಷದ ನಂತರವೂ ಒಂದು ನಾಯಿಯ ಸಾವು ನಮ್ಮನ್ನು ತಟ್ಟುತ್ತದೆ. ನಾವು ಐವತ್ತು ವರ್ಷ ಹಿಂದಿನ ಕಾಗದಕ್ಕೆ ಅಷ್ಟು ಮಾಡಲಾರೆವೇ?

ಕನ್ನಡದ ಮಟ್ಟಿಗೆ ಈ ಕೆಲಸಕ್ಕೆ ಆತುರವಿದೆ. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆ ಆರಂಭಿಸಿದರು. ಅದು ಇಪ್ಪತ್ತೈದು ವರ್ಷ ನಡೆಯಿತು. ಲಕ್ಷ್ಮಣ್ ತಮ್ಮ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದ ಪತ್ರಿಕೆಗಳಲ್ಲಿ ಅದೂ ಒಂದು. ಯುದ್ಧಕಾಲದ ಅಭಾವ, ಸ್ವಾತಂತ್ರ್ಯ, ಏಕೀಕರಣ ಇವನ್ನೆಲ್ಲ ಕನ್ನಡಿಗರು ಹೇಗೆ ನಗುತ್ತಾ ಎದುರಿಸಿದರು ಎಂಬುದಕ್ಕೆ ಅದರ ಸಂಚಿಕೆಗಳಿಗಿಂತ ಒಳ್ಳೆಯ ದಾಖಲೆ ಕಡಿಮೆ. ಪ್ರಜಾವಾಣಿಯ ‘ಚಿನಕುರಳಿ’ಯಂಥ ಪಾಕೆಟ್ ಕಾರ್ಟೂನುಗಳಲ್ಲಿ ಬರುವ ಪಡಸಾಲೆಯ ಮಾತು, ಗಂಡಹೆಂಡಿರ ಮಾತು, ಪುಢಾರಿಯ ಮಾತು ಯಾವ ವಿಧಾನಸಭೆಯ ಕಡತದಲ್ಲೂ ಸಿಗುವುದಿಲ್ಲ. ಗಂಡಸರೇ ತುಂಬಿದ್ದ ರಾಜಕೀಯ ವ್ಯಂಗ್ಯಚಿತ್ರದ ರಂಗಕ್ಕೆ ಬೆಂಗಳೂರಿನಿಂದ ಕಾಲಿಟ್ಟ ಮಾಯಾ ಕಾಮತ್ 2001ರಲ್ಲಿ ತೀರಿಕೊಂಡರು. ಅವರ ಚಿತ್ರಗಳನ್ನು ಮುಂಬೈಯ ಸ್ಪ್ಯಾರೋ ಮಹಿಳಾ ದಾಖಲಾಗಾರ ಕಾಪಾಡಿದೆ. ಅಂಥ ಕಾಳಜಿ ಕನ್ನಡದ ಎಲ್ಲ ವ್ಯಂಗ್ಯಚಿತ್ರಕಾರರಿಗೂ ಸಿಗಬೇಕು. ಯಾವ ಚಿತ್ರದಲ್ಲಿರುವ ಮಂತ್ರಿ ಯಾರು, ಯಾವ ಹಗರಣ, ಯಾವ ಉಪಚುನಾವಣೆ ಎಂದು ಕಂಡಕೂಡಲೇ ಹೇಳಬಲ್ಲ ಹಿರಿಯ ಪತ್ರಕರ್ತರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳುವ ಕೆಲಸವನ್ನು ಮುಂದೂಡಿದಷ್ಟೂ ಕಳೆದುಕೊಳ್ಳುತ್ತೇವೆ.

ಅಂತರ್ಜಾಲದಲ್ಲಿ ಎಲ್ಲವೂ ಸಿಗುತ್ತದಲ್ಲ ಎಂಬ ಮಾತು ಈ ನಷ್ಟವನ್ನು ತುಂಬಿಕೊಡುವುದಿಲ್ಲ. ಮೊಬೈಲಿನಿಂದ ಮೊಬೈಲಿಗೆ ಹಾರುವ ವ್ಯಂಗ್ಯಚಿತ್ರಗಳಲ್ಲಿ ಕಲಾವಿದರ ಸಹಿ ಕತ್ತರಿಸಿಹೋಗುತ್ತದೆ, ಮಾತಿನ ಗುಳ್ಳೆಯೊಳಗಿನ ಮಾತನ್ನು ಅಳಿಸಿ ಬೇರೊಂದು ತುಂಬುವುದಕ್ಕೆ ನಿಮಿಷ ಸಾಕು. ಯಾರನ್ನೋ ಟೀಕಿಸಿದ ಚಿತ್ರ ಇನ್ಯಾರನ್ನೋ ಟೀಕಿಸಿದಂತೆ ತಿರುಗಾಡಿದಾಗ, ಮೂಲದಲ್ಲಿ ಏನಿತ್ತು ಎಂದು ತೋರಿಸಲು ಒಂದು ಜಾಗ ಬೇಕು. ಕೈಬರಹದ ಮಾತು, ಸಹಿ, ದಿನಾಂಕ ಒಟ್ಟಿಗಿರುವ ಹಾಳೆ ಆ ಸಾಕ್ಷಿ. ಗ್ಯಾಲರಿ ಅದನ್ನು ಇಟ್ಟುಕೊಂಡಿದ್ದರೆ ಕಲಾವಿದರ ಮಾನ ಉಳಿಯುತ್ತದೆ.

ಹಣ ಎಲ್ಲಿಂದ ಎಂಬ ಪ್ರಶ್ನೆ ನಿಜವಾದದ್ದು. ಖಾಸಗಿ ಶ್ರಮದಿಂದ ನಡೆಯುವ ಪುಟ್ಟ ಗ್ಯಾಲರಿಯ ಮೇಲೆ ಸಂಶೋಧನೆಯ ಹೊರೆಯನ್ನೂ ಹೇರುವುದು ಅನ್ಯಾಯ. ಇಲ್ಲಿ ಕೈಜೋಡಿಸಬೇಕಾದವರು ಲಲಿತಕಲಾ ಅಕಾಡೆಮಿ, ಮಾಧ್ಯಮ ಅಕಾಡೆಮಿ ಮತ್ತು ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು. ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಿಗೆ ಹಳೆಯ ಕಡತದಿಂದ ಹತ್ತು ವ್ಯಂಗ್ಯಚಿತ್ರ ಆರಿಸಿ ಅದೇ ದಿನದ ಸುದ್ದಿಯನ್ನು ಹುಡುಕಿ ಬರೆಯುವುದನ್ನು ಅಭ್ಯಾಸವಾಗಿ ಕೊಟ್ಟರೆ, ಅವರಿಗೂ ಕಲಿಕೆ, ಗ್ಯಾಲರಿಗೂ ಟಿಪ್ಪಣಿ. ಬರೆದ ಟಿಪ್ಪಣಿ ಪಕ್ಷಪಾತಿಯಾಗದಂತೆ ಒಂದು ಕಟ್ಟುಪಾಡು ಸಾಕು: ದಿನಾಂಕ, ಪತ್ರಿಕೆ, ಅಂದಿನ ಘಟನೆ, ಆಮೇಲೆ ವಿವಾದವಾಗಿದ್ದರೆ ಎರಡೂ ಕಡೆಯ ಮಾತು, ತೀರ್ಪು ಬೇಡ. ಪತ್ರಿಕಾ ಸಂಸ್ಥೆಗಳು ತಮ್ಮ ಕಡತಗಳನ್ನು ಇದಕ್ಕೆ ತೆರೆದಿಡಬೇಕು. ಇಂದು ಬರೆಯುತ್ತಿರುವ ವ್ಯಂಗ್ಯಚಿತ್ರಕಾರರು, ಕಾಗದದಲ್ಲಿ ಬರೆಯಲಿ ಕಂಪ್ಯೂಟರಿನಲ್ಲಿ ಬರೆಯಲಿ, ಪ್ರತಿ ಚಿತ್ರದ ಬೆನ್ನಿಗೆ ಅಥವಾ ಕಡತದ ಹೆಸರಿಗೆ ದಿನಾಂಕವನ್ನೂ ಸುದ್ದಿಯ ಒಂದು ಸಾಲನ್ನೂ ಸೇರಿಸಲು ಇವತ್ತಿನಿಂದಲೇ ಶುರುಮಾಡಬಹುದು. ಅದಕ್ಕೆ ಯಾವ ಅಕಾಡೆಮಿಯ ಅನುದಾನವೂ ಬೇಕಿಲ್ಲ.