'ಗೂಗಲ್ ಮಾಡಿ ನೋಡು' ಎನ್ನುವವರಿಗೆ

ಈಗೀಗ ಯಾರನ್ನು ಏನು ಕೇಳಿದರೂ ಬರುವ ಉತ್ತರ ಒಂದೇ: 'ಗೂಗಲ್ ಮಾಡಿ ನೋಡು.' ಗಂಡನನ್ನು ಕೇಳಿದರೂ ಅದೇ, ಕಾಲೇಜಿಗೆ ಹೋಗುವ ಮಗನನ್ನು ಕೇಳಿದರೂ ಅದೇ, ಕಚೇರಿಯ ಕಿಟಕಿಯಾಚೆ ಕುಳಿತ ಗುಮಾಸ್ತರನ್ನು ಕೇಳಿದರೂ ಅದೇ. ಎರಡು ಮೂರು ವರ್ಷಗಳಿಂದ ಈ ಉತ್ತರಕ್ಕೆ ಒಬ್ಬ ತಮ್ಮನೂ ಹುಟ್ಟಿಕೊಂಡಿದ್ದಾನೆ: 'ಎ.ಐ.ಯನ್ನು ಕೇಳು.' ಹೆಂಗಸರ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲು ಹಿಂದೆ 'ನಿನಗದೆಲ್ಲ ಗೊತ್ತಾಗೋದಿಲ್ಲ ಬಿಡು' ಎನ್ನುತ್ತಿದ್ದರು. ಈಗ ಅದನ್ನೇ ಸ್ವಲ್ಪ ಮರ್ಯಾದೆಯಿಂದ ಹೇಳುತ್ತಾರೆ, ಅಷ್ಟೆ.

ಯಂತ್ರ ಕಂಡರೆ ಬೆಚ್ಚುವವಳ ಮಾತಿದು ಎಂದು ನೀವು ಪುಟ ಮಗುಚುವ ಮೊದಲೇ ಹೇಳಿಬಿಡುತ್ತೇನೆ. ವೆಬ್‌ಸೈಟ್ ಕಟ್ಟುವುದು ನನ್ನ ಕಸುಬು. ಮಡಿಕೇರಿಯಲ್ಲಿ ಕುಳಿತು, ಮಳೆಗಾಲದಲ್ಲಿ ಕರೆಂಟು ಇದ್ದಷ್ಟು ಹೊತ್ತು, ಹೋಂಸ್ಟೇಗಳಿಗೆ, ಕಾಫಿಪುಡಿ ಮಾರುವವರಿಗೆ, ಜೇನಿನ ಅಂಗಡಿಯವರಿಗೆ ಪುಟ ಕಟ್ಟಿಕೊಡುತ್ತೇನೆ. ನನ್ನ ಅನ್ನ ಅದರಲ್ಲೇ ಇದೆ. ಹಾಗಾಗಿ ಅಂತರಜಾಲವೇ ಬೇಡ ಎಂದು ನಾನು ಹೇಳಲಾರೆ. ನನ್ನ ತಕರಾರು ಬೇರೆ. ಹುಡುಕುವ ಯಂತ್ರಕ್ಕೆ ನಾವು ಕೊಟ್ಟಿರುವ ಗೌರವ ಅದರ ಯೋಗ್ಯತೆಗಿಂತ ಬಹಳ ದೊಡ್ಡದು, ಅದಕ್ಕೆ ನಾವು ಕೊಟ್ಟಿರುವ ಕನ್ನಡ ಮಾತ್ರ ಬಹಳ ಚಿಕ್ಕದು. ಈ ಎರಡರ ನಡುವೆ ಸಿಕ್ಕಿ ಬೀಳುವವರು ನಾವು, ಊರಿನಲ್ಲಿರುವ ಹೆಂಗಸರು.

ಹುಡುಕಾಟ ಅಂದರೆ ಒಳಗೆ ನಡೆಯುವುದೇನು ಎಂದು ಒಮ್ಮೆ ನೋಡಿಬಿಡೋಣ. ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಇಂಥ ಪದ ಇಂಥ ಪುಟದಲ್ಲಿದೆ ಎಂದು, ಅದೇ. ಒಂದು ಪ್ರೋಗ್ರಾಂ ಹಗಲೂ ರಾತ್ರಿ ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಓಡಾಡಿ, ಕಂಡ ಪದಗಳನ್ನೆಲ್ಲ ಸೂಚಿಗೆ ಸೇರಿಸುತ್ತದೆ. ಯಾವ ಪುಟ ಮೇಲೆ, ಯಾವುದು ಕೆಳಗೆ ಎಂಬುದಕ್ಕೆ 1998ರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ಒಂದು ಉಪಾಯ ಮುಂದಿಟ್ಟರು: ಹೆಚ್ಚು ಪುಟಗಳು ಯಾವ ಪುಟದ ಕಡೆಗೆ ಕೈತೋರಿಸುತ್ತವೋ ಅದಕ್ಕೆ ಹೆಚ್ಚು ತೂಕ, ಕೈತೋರಿಸುವವರು ತೂಕದವರಾದರೆ ಇನ್ನೂ ಹೆಚ್ಚು. ಹೊಸ ಊರಿಗೆ ಬಂದವಳಿಗೆ ನಾಲ್ಕು ಮನೆಯವರು 'ಹೊಲಿಗೆಗೆ ಅವರ ಹತ್ತಿರ ಹೋಗಿ' ಎಂದು ಒಂದೇ ಬಾಗಿಲು ತೋರಿಸಿದ ಹಾಗೆ. ಉಪಾಯ ಒಳ್ಳೆಯದೇ. ಆಮೇಲೆ ಮೇಲಿನ ಜಾಗಗಳು ಜಾಹೀರಾತಿಗೆ ಮಾರಾಟವಾದವು. 'ಪ್ರಾಯೋಜಿತ' ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಓದುವಷ್ಟು ವ್ಯವಧಾನ ಯಾರಿಗಿದೆ?

ನನ್ನ ಗಿರಾಕಿಗಳ ಬೇಡಿಕೆಯೂ ಒಂದೇ: 'ಹುಡುಕಿದರೆ ನಾವೇ ಮೊದಲು ಬರಬೇಕು, ಮೇಡಂ.' ಒಬ್ಬರು ಗಾರೆ ಇನ್ನೂ ಆರದ ಮನೆಗೆ 'ಇನ್ನೂರು ವರ್ಷದ ಐನ್‌ಮನೆ' ಎಂದು ಬರೆಯಲು ಹೇಳಿದರು. ಬರೆಯುವುದಿಲ್ಲ ಎಂದೆ. ಬೇರೆ ಯಾರೋ ಬರೆದುಕೊಟ್ಟರು. ಈಗ ಯಂತ್ರ ಆ ಪುಟವನ್ನೂ ಓದುತ್ತದೆ, ಓದಿ ನಂಬುತ್ತದೆ. ನಂಬುವುದು ಅನ್ನುವುದೂ ತಪ್ಪೇ, ನಂಬಲು ಅದಕ್ಕೇನು ಮನಸ್ಸಿದೆಯೇ? ಗ್ಯಾಸಿನವರ ನಂಬರು, ಬ್ಯಾಂಕಿನವರ ನಂಬರು ಎಂದು ಹುಡುಕಿದಾಗ ಮೋಸಗಾರರ ನಂಬರು ಸಿಗುವುದೂ ಹೀಗೆಯೇ. ಅವರೂ ನನ್ನಂಥ ಕಸುಬಿನವರೇ, ಪುಟವನ್ನು ಮೇಲಕ್ಕೆ ತರುವ ವಿದ್ಯೆ ಬಲ್ಲವರು. ನಂಬರನ್ನು ಸಿಲಿಂಡರಿನ ರಸೀದಿಯಿಂದ, ಪಾಸ್‌ಬುಕ್ಕಿನ ರಟ್ಟಿನಿಂದ ತೆಗೆದುಕೊಳ್ಳಿ. ದುಡ್ಡು ಹೋಗಿಯೇಬಿಟ್ಟರೆ ಕೂಡಲೇ 1930ಕ್ಕೆ ಫೋನು ಮಾಡಿ.

ಇದೆಲ್ಲ ಹಳೆಯ ಹುಡುಕಾಟದ ಕಥೆ. ಅದರಲ್ಲೂ ಒಂದು ಪುಣ್ಯವಿತ್ತು. ಅದು ಹತ್ತು ಬಾಗಿಲು ತೋರಿಸಿ ಸುಮ್ಮನಾಗುತ್ತಿತ್ತು. ಯಾವ ಮನೆ ಹೊಕ್ಕೆವು, ಯಾರು ಹೇಳಿದರು ಎಂಬುದು ನಮಗೆ ತಿಳಿಯುತ್ತಿತ್ತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲ ಕಂಪನಿಗಳೂ ಅದೇ ಹಾದಿ ಹಿಡಿದವು. ಈಗ ಯಂತ್ರ ಬಾಗಿಲುಗಳ ಮುಂದೆ ತಾನೇ ನಿಂತು, ಒಳಗಿನವರೆಲ್ಲರ ಪರವಾಗಿ ಒಂದೇ ಉತ್ತರ ಹೇಳುತ್ತದೆ. ಹೇಗೆ ಹೇಳುತ್ತದೆ? ಕೋಟಿಗಟ್ಟಲೆ ಪುಟಗಳನ್ನು ಅರೆದು, ಈ ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕ ಹಾಕಿ, ಪದದ ಮೇಲೆ ಪದ ಜೋಡಿಸುತ್ತದೆ. ಪುಟಗಳು ಹೇರಳವಾಗಿರುವ ವಿಷಯದಲ್ಲಿ ಉತ್ತರ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಪುಟಗಳಿಲ್ಲದ ಕಡೆ 'ಗೊತ್ತಿಲ್ಲ' ಎಂದು ಕೈಚೆಲ್ಲಬೇಕಿತ್ತು. ಅದರ ಬಾಯಲ್ಲಿ ಆ ಮಾತು ಬರುವುದು ಅಪರೂಪ. 2024ರ ಮೇ ತಿಂಗಳಲ್ಲಿ ಗೂಗಲ್ಲಿನ ಹೊಸ ಸಾಧನ, ಪಿಜ್ಜಾದ ಮೇಲೆ ಚೀಸ್ ನಿಲ್ಲದಿದ್ದರೆ ಅಂಟು ಬೆರೆಸಿ ಎಂದು ಅಮೆರಿಕದವರಿಗೆ ಸಲಹೆ ಕೊಟ್ಟಿತು. ಯಾರೋ ಬಹಳ ಹಿಂದೆ ತಮಾಷೆಗೆ ಬರೆದದ್ದನ್ನು ಅದು ಪಾಕವಿಧಾನವೆಂದೇ ಎತ್ತಿಕೊಂಡಿತ್ತು. ಜಗತ್ತೆಲ್ಲ ನಕ್ಕಿತು, ಕಂಪನಿ ತಿದ್ದಿಕೊಂಡಿತು. ಇಂಗ್ಲಿಷಿನಲ್ಲಿ ನಗುವವರು ಬೇಕಾದಷ್ಟಿದ್ದಾರೆ, ಹಾಗಾಗಿ ತಿದ್ದುಪಡಿಯೂ ಬೇಗ ಆಗುತ್ತದೆ.

ನಮ್ಮಲ್ಲಿ? ಒಂದು ಹೊಸ ಸಾಧನವನ್ನು ನಾನು ಕನ್ನಡದಲ್ಲೇ ಕೇಳಿ ನೋಡಿದೆ: 'ಆಟಿ ಮದ್ದು ಮಾಡುವುದು ಹೇಗೆ?' ಕೊಡಗಿನವರಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ. ಆಟಿ ಹದಿನೆಂಟು, ಕೊಡವರ ಕಕ್ಕಡ ಪದಿನೆಟ್ಟ್, ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂದು ನಂಬಿಕೆ. ಮದ್ದು ತೊಪ್ಪನ್ನು ಕುದಿಸಿದರೆ ನೀರು ಕಡುನೇರಳೆಗೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ ಹಾಕಿ ಪಾಯಸ ಮಾಡುತ್ತೇವೆ. ಮರುದಿನ ಮೂತ್ರ ಕೆಂಪಗಾದರೆ ಹೊಸ ಸೊಸೆ ಹೆದರಬಾರದೆಂದು ಮೊದಲೇ ಹೇಳಿಡುವುದೂ ರೂಢಿ. ಘಟ್ಟದ ಕೆಳಗೆ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯದು ಬೇರೆಯೇ ಮದ್ದು. ಅಲ್ಲಿ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಕರಿಮೆಣಸು ಬೆಳ್ಳುಳ್ಳಿ ಅರೆದು ಕಷಾಯ ಮಾಡಿ ಬರಿಹೊಟ್ಟೆಗೆ ಕುಡಿಯುತ್ತಾರೆ. ಅದು ಮರ, ಇದು ಗಿಡ. ಅದು ತೊಗಟೆ, ಇದು ಸೊಪ್ಪು. ಯಂತ್ರ ಎರಡನ್ನೂ ಒಂದೇ ಪಾತ್ರೆಗೆ ಹಾಕಿತು. ತೊಗಟೆಯನ್ನು ಕುದಿಸಿ, ನೇರಳೆ ಬಣ್ಣ ಬಂದ ಮೇಲೆ ಬೆಲ್ಲ ಸೇರಿಸಿ ಎಂದು ಹೇಳಿತು, ಬಹಳ ವಿನಯದಿಂದ, ಒಂದು, ಎರಡು, ಮೂರು ಎಂದು ಅಂಕಿ ಹಾಕಿ.

ಇದನ್ನು ನಕ್ಕು ಬಿಡುವಂತಿಲ್ಲ. ಹಾಲೆ ಮರದ ತೊಗಟೆ ಎಂದು ತಿಳಿದು ಕಾಸರಕದ ತೊಗಟೆ ತಂದರೆ ಅದು ವಿಷ. ಮರ ಬಲ್ಲವರನ್ನೇ ಕೇಳಿ ತನ್ನಿ ಎಂದು ಆಟಿ ಬಂದಾಗಲೆಲ್ಲ ತಿಳಿದವರು ಎಚ್ಚರಿಸುವುದು ಇದಕ್ಕಾಗಿಯೇ. ಮರ ಬಲ್ಲ ಅಜ್ಜಿ ಊರಿನಲ್ಲಿ, ಮೊಮ್ಮಗಳು ಬೆಂಗಳೂರಿನ ಫ್ಲ್ಯಾಟಿನಲ್ಲಿ, ನಡುವೆ ಈ ವಿನಯವಂತ ಯಂತ್ರ. ಅಜ್ಜಿ ತಪ್ಪು ಹೇಳಿದರೆ ಕೇಳಲು ಅಜ್ಜಿ ಇದ್ದಾಳೆ. ಯಂತ್ರ ತಪ್ಪು ಹೇಳಿದರೆ ಯಾರ ಮನೆ ಬಾಗಿಲು ತಟ್ಟುವುದು?

'ಕನ್ನಡದಲ್ಲಿ ಮಾಹಿತಿಯೇ ಇಲ್ಲವಲ್ಲ, ಯಂತ್ರ ಏನು ಮಾಡೀತು' ಎಂದು ಕೆಲವರು ವಾದಿಸುತ್ತಾರೆ. ಇದು ನನಗೆ ಅತ್ಯಂತ ಸಿಟ್ಟು ತರಿಸುವ ಮಾತು. ಮಾಹಿತಿ ಇದೆ, ರಾಶಿ ರಾಶಿ ಇದೆ. ಯಂತ್ರಕ್ಕೆ ಕಾಣುವ ಹಾಗೆ ಇಲ್ಲ, ಅಷ್ಟೆ. ಪ್ರಕಟಣೆಗಳನ್ನು ನಮ್ಮ ಕಚೇರಿಗಳು ಹೇಗೆ ಅಂತರಜಾಲಕ್ಕೆ ಏರಿಸುತ್ತವೆ ನೋಡಿದ್ದೀರಾ? ಕಾಗದ ಟೈಪು ಮಾಡಿ, ಸಹಿ ಹಾಕಿಸಿ, ಮೊಹರು ಒತ್ತಿ, ಓರೆಯಾಗಿ ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಅದು ಅಕ್ಷರವಲ್ಲ, ಅಕ್ಷರದ ಫೋಟೋ. ಯಂತ್ರ ಅದನ್ನು ಊಹಿಸಿ ಓದಬೇಕು. ಮೊಹರಿನ ಕೆಳಗೆ ಸಿಕ್ಕ ಒತ್ತಕ್ಷರ ಅದಕ್ಕೆ ದಕ್ಕುವುದಿಲ್ಲ. ಇನ್ನು ಹಳೆಯ ಫಾಂಟುಗಳ ಕಥೆ. ತೆರೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಂಡರೂ ಕಡತದ ಒಳಗೆ ಇರುವುದು ಇಂಗ್ಲಿಷಿನ ಚೂರುಪಾರು ಅಕ್ಷರಗಳು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು. ಜಗತ್ತಿನ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಆಮೇಲೂ ಎಷ್ಟೋ ವರ್ಷ ನಮ್ಮ ಕಚೇರಿಗಳು, ಪ್ರಕಾಶಕರು ಹಳೆಯ ಫಾಂಟಿನಲ್ಲೇ ಟೈಪು ಮಾಡಿಸಿದರು. ಆ ಪುಸ್ತಕಗಳು ಹುಡುಕುವವರ ಪಾಲಿಗೆ ಇದ್ದೂ ಇಲ್ಲ. ಸಾಲದ್ದಕ್ಕೆ ನಮ್ಮ ಭಾಷೆಯ ಪ್ರತ್ಯಯಗಳು: ಮಡಿಕೇರಿ, ಮಡಿಕೇರಿಗೆ, ಮಡಿಕೇರಿಯಲ್ಲಿ, ಮಡಿಕೇರಿಯವರೂ. ನಮಗಿದು ಒಂದೇ ಊರು. ಇಂಗ್ಲಿಷಿಗೆಂದು ಕಟ್ಟಿದ ಯಂತ್ರಕ್ಕೆ, ಬಿಡಿಸಿ ಹೇಳಿಕೊಡುವ ತನಕ, ನಾಲ್ಕು ಊರು.

2021ರ ಜೂನ್ ತಿಂಗಳು ನೆನಪಿದೆಯೇ? ಭಾರತದ ಅತ್ಯಂತ ಕೊಳಕು ಭಾಷೆ ಯಾವುದೆಂದು ಕೇಳಿದರೆ ಗೂಗಲ್ 'ಕನ್ನಡ' ಎಂದು ತೋರಿಸಿತು. ನಾಡೆಲ್ಲ ಕೆಂಡವಾಯಿತು, ಕಂಪನಿ ಕ್ಷಮೆ ಕೇಳಿತು, ಉತ್ತರ ಮಾಯವಾಯಿತು. ಸಿಟ್ಟು ಬಂದದ್ದು ನ್ಯಾಯವೇ. ಆದರೆ ನಾವು ಸಿಟ್ಟಾದದ್ದು ಬೈಗುಳಕ್ಕೆ ಮಾತ್ರ. ಯಾವುದೋ ಮೂಲೆಯ ಪುಟದ ಒಂದು ಸಾಲನ್ನು ಎತ್ತಿ ಚೌಕಟ್ಟು ಹಾಕಿ ಇದೇ ಉತ್ತರ ಎನ್ನುವ ಆ ಪದ್ಧತಿಯ ಮೇಲೆ ಯಾರೂ ಸಿಟ್ಟಾಗಲಿಲ್ಲ. ಆ ಪದ್ಧತಿಯೇ ಇಂದು ಬೆಳೆದು, ಗಡ್ಡ ಮೀಸೆ ಬಂದು, ಎ.ಐ. ಉತ್ತರ ಎಂಬ ಹೆಸರಿನಲ್ಲಿ ಪುಟದ ನೆತ್ತಿಯ ಮೇಲೆ ಕುಳಿತಿದೆ.

ಹೆಂಗಸರ ವಿಷಯಕ್ಕೆ ಬಂದರೆ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ನಮ್ಮ ಊರಿನ ಗೌರಮ್ಮನವರನ್ನೇ ತೆಗೆದುಕೊಳ್ಳಿ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ, ಇಪ್ಪತ್ತೇಳಕ್ಕೇ, ನೀರಿನಲ್ಲಿ ಮುಳುಗಿ ತೀರಿಕೊಂಡವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಅವರು ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟ ಗಟ್ಟಿಗಿತ್ತಿ. ಅವರು ಕಥೆ ಬರೆದದ್ದು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ. ಓದುಗರ ಬಾಯಲ್ಲಿ 'ಕೊಡಗಿನ ಗೌರಮ್ಮ'. ಗಂಡನ ಇನಿಶಿಯಲ್ಲುಗಳ ಹಿಂದೆ ನಿಂತ ಹೆಂಗಸು ಮತ್ತು ಈ ಗೌರಮ್ಮ ಒಬ್ಬರೇ ಎಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಯಾರೋ ಒಬ್ಬರು ಕುಳಿತು, ಎರಡೂ ಹೆಸರನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟದ್ದರಿಂದ ಗೊತ್ತಾಯಿತು. ಹಾಗೆ ಬರೆದಿಡುವವರು ಸಿಗದ ಹೆಂಗಸರು ಎಷ್ಟು ಮಂದಿಯೋ! ತವರಿನ ಹೆಸರಿನಲ್ಲಿ ಶಾಲೆ ಓದಿ, ಗಂಡನ ಮನೆತನದ ಹೆಸರಿನಲ್ಲಿ ಹಾಡು ಕಟ್ಟಿ, ಮಕ್ಕಳ ಬಾಯಲ್ಲಿ ಬರೀ 'ಅವ್ವ' ಆಗಿ ಹೋದವರು. ಹುಡುಕಿದರೆ ಸಿಗಲಿಲ್ಲ ಎಂದರೆ ಇರಲೇ ಇಲ್ಲ ಎಂಬ ಕಾಲ ಇದು.

ಹುಡುಕುವುದು ಅಂದರೆ ಏನೆಂದು ಕೊಡಗಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಹಾಡುವವರ ಬಾಯಲ್ಲಿದ್ದ ಹಾಡುಗಳನ್ನು ಕೇಳಿ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟು 1924ರಲ್ಲಿ 'ಪಟ್ಟೋಲೆ ಪಳಮೆ' ತಂದರು. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಐನ್‌ಮನೆಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗಿ ದಾಖಲಿಸಿದರು. ನಾಳೆ ಯಂತ್ರ ಐನ್‌ಮನೆಯ ಬಗ್ಗೆ ಎರಡು ಸರಿಯಾದ ಮಾತು ಹೇಳಿದರೆ ಅದು ಇಂಥವರ ಕಾಲು ಸವೆದದ್ದರ ಫಲ. ಉತ್ತರದಲ್ಲಿ ಅವರ ಹೆಸರು ಇರುತ್ತದೆಯೇ ನೋಡಿ. ಇಲ್ಲದಿದ್ದರೆ, ಆ ಗಾರೆ ಆರದ ಐನ್‌ಮನೆಗೂ ಇವರ ದುಡಿಮೆಗೂ ಅಲ್ಲಿ ಒಂದೇ ಬೆಲೆ.

'ಸ್ವಲ್ಪ ತಾಳಿ, ಎಲ್ಲ ಸರಿಹೋಗುತ್ತದೆ, ಯಂತ್ರ ಕಲಿಯುತ್ತಿದೆ' ಎಂದು ನನ್ನ ಕಸುಬಿನ ಗೆಳೆಯರೇ ಸಮಾಧಾನ ಹೇಳುತ್ತಾರೆ. ಕಲಿಯಲಿ. ಗೂಗಲ್ಲಿನ ಅನುವಾದಕ್ಕೆ 2011ರಲ್ಲಿ ಕನ್ನಡ ಸೇರಿತು, 2024ರ ಜೂನಿನಲ್ಲಿ ತುಳು ಸೇರಿತು. ಅಂದು ಒಮ್ಮೆಗೇ 110 ಭಾಷೆಗಳನ್ನು ಸೇರಿಸಿದ ಆ ಪಟ್ಟಿಯಲ್ಲಿ ಕೊಡವ ತಕ್ಕ್ ಇರಲಿಲ್ಲ. 2011ರ ಜನಗಣತಿಯ ಪ್ರಕಾರ ಅದನ್ನು ಮಾತನಾಡುವವರು 1,13,857 ಮಂದಿ. ಅವರಿಗಾಗಿ ಯಾವ ಕಂಪನಿಯೂ ತಾನಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಲಾಭದ ಲೆಕ್ಕದಲ್ಲಿ ಅದು ದೊಡ್ಡ ನಗರದ ಒಂದು ಬಡಾವಣೆ. ಯಂತ್ರ ಕಲಿಯಬೇಕಾದರೆ ಓದಲು ಬರಹ ಬೇಕು. ಆ ಬರಹವನ್ನು ನಾವು ಕೊಡಬೇಕು, ಕೊಟ್ಟವರ ಹೆಸರು ಅಳಿಸದ ಹಾಗೆ ಕೊಡಬೇಕು. ಎರಡನೆಯದಕ್ಕೆ ಒಪ್ಪುವ ಕಂಪನಿ ನನಗಿನ್ನೂ ಕಂಡಿಲ್ಲ.

ಅಲ್ಲಿಯ ತನಕ ನನ್ನದೊಂದು ಹಟ. ಮಹಿಳಾ ಸಮಾಜದ ಗೆಳತಿಯರಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. ಯಾವ ಉತ್ತರ ಬಂದರೂ ಅದರ ಕೆಳಗಿನ ಕೊಂಡಿ ಒತ್ತುವುದು. ಕೊಂಡಿ ಇಲ್ಲದ ಉತ್ತರವನ್ನು, ಹೆಸರಿಲ್ಲದ ಕಾಗದವನ್ನು ಒಲೆಗೆ ಹಾಕುವ ಹಾಗೆ, ಬಿಟ್ಟುಬಿಡುವುದು. ಮದ್ದು, ದುಡ್ಡು, ಕೋರ್ಟು ಈ ಮೂರರಲ್ಲಿ ಮನುಷ್ಯರನ್ನೇ ಕೇಳುವುದು. ಮತ್ತೆ, ಕಚೇರಿಯ ಕಿಟಕಿಯಾಚೆಯಿಂದ 'ಎಲ್ಲ ವೆಬ್‌ಸೈಟಿನಲ್ಲಿದೆ, ಹುಡುಕಿ ನೋಡಿ ಅಮ್ಮ' ಎಂದರೆ ಅಲ್ಲಿಂದ ಕದಲದಿರುವುದು. 'ಅಕ್ಷರದಲ್ಲಿ ಹಾಕಿದ್ದೀರೋ, ಫೋಟೋ ಹಾಕಿದ್ದೀರೋ?' ಎಂದು ಕೇಳಿ. ಫೋಟೋ ಎಂದರೆ ಒಂದು ಬಿಳಿ ಹಾಳೆ ಈಸಿಕೊಂಡು, ಯುನಿಕೋಡ್ ಕನ್ನಡದಲ್ಲಿ ಹಾಕಿಕೊಡಬೇಕೆಂದು ಅಲ್ಲೇ ಅರ್ಜಿ ಬರೆಯಿರಿ. ಸ್ವೀಕೃತಿಯ ಸಹಿ ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ.