ಮಗಳು ತನ್ನ ಪರಿಚಯ ಹೇಳಿಕೊಳ್ಳಲಿ



ಚನ್ನಪಟ್ಟಣದ ತಾಯಿಯೊಬ್ಬರು ಮೊನ್ನೆ ಸಿಕ್ಕಾಗ ತಮ್ಮ ದುಗುಡ ತೋಡಿಕೊಂಡರು. ಕನ್ನಡ ಮಾಧ್ಯಮದಲ್ಲಿ ಓದಿದ ಮಗಳಿಗೆ ಕಂಪ್ಯೂಟರ್ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ದಿನಾ ರೈಲಿನಲ್ಲಿ ರಾಮನಗರಕ್ಕೆ ಹೋಗಿಬರುತ್ತಾಳೆ. ಮೊದಲ ದಿನ "ನಿಮ್ಮ ಪರಿಚಯ, ಆಸಕ್ತಿ ಹೇಳಿ" ಎಂದಾಗ ಹೆಸರಷ್ಟೇ ಹೇಳಿ ಕುಳಿತುಬಿಟ್ಟಳಂತೆ. "ನಂಗೆ ಇಂಗ್ಲಿಷ್ ಬರೋಲ್ಲಮ್ಮ, ಈ ಓದೇ ಬೇಡ" ಅಂತ ಮನೆಗೆ ಬಂದು ಅತ್ತಳಂತೆ. "ಕಂಪ್ಯೂಟರ್ ಅಂದ್ರೆ ನಂಗೇ ಗೊತ್ತಿಲ್ಲ, ಏನು ಸಮಾಧಾನ ಹೇಳಲಿ?" ಎಂದು ಆಕೆ ಕೇಳಿದರು.

ಗೊತ್ತಿಲ್ಲದ್ದೇ ಒಳ್ಳೆಯದಾಯಿತು! ಅವಳೇ ನಿಮಗೆ ಹೇಳಿಕೊಡಲಿ, ಕನ್ನಡದಲ್ಲೇ.

ಸಂಜೆ ಮುದ್ದೆಗೆ ಎಸರಿಟ್ಟಾಗ ಪಕ್ಕದಲ್ಲಿ ಕೂರಿಸಿಕೊಂಡು "ಪ್ರೋಗ್ರಾಂ ಅಂದ್ರೇನೇ?" ಎಂದು ಕೇಳಿ. ಅದೂ ಒಂದು ಬಗೆಯ ಪಾಕವಿಧಾನವೇ. ಆದರೆ "ರುಚಿಗೆ ತಕ್ಕಷ್ಟು ಉಪ್ಪು" ಅಂದರೆ ಯಂತ್ರಕ್ಕೆ ತಿಳಿಯದು. ಎಷ್ಟು, ಯಾವಾಗ, ಎಸರು ಕುದಿಯದಿದ್ದರೆ ಏನು ಮಾಡಬೇಕು, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಯಬೇಕು. ಮುದ್ದೆ ಮಾಡುವುದನ್ನು ಹಾಗೆ ಹೇಳಿಸಿ. ಒಂದು ಹಂತ ಬಿಟ್ಟಳೋ, "ಹಿಟ್ಟು ಗಂಟಾಯ್ತಲ್ಲೇ!" ಎಂದು ತಡೆಯಿರಿ. ಇಬ್ಬರಿಗೂ ನಗು ಬರುತ್ತದೆ, ಪಾಠವೂ ಆಗುತ್ತದೆ.

ರೇಷ್ಮೆಗೂಡಿನ ಸೀಮೆಯ ಹುಡುಗಿಗೆ ಇನ್ನೊಂದು ಸಂಗತಿ ಹೇಳಿ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬಾತ ರೂಪಿಸಿದ ಮಗ್ಗದಲ್ಲಿ ತೂತು ಕೊರೆದ ರಟ್ಟುಗಳಿದ್ದವು. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತಿತ್ತು, ಇಲ್ಲದ ಕಡೆ ಕೆಳಗೇ ಉಳಿಯುತ್ತಿತ್ತು. ಬಟ್ಟೆಯಲ್ಲಿ ಹೂಬಳ್ಳಿ ಮೂಡುತ್ತಿದ್ದುದು ಹಾಗೆ. ಇಂದಿಗೂ ರೇಷ್ಮೆ ಸೀರೆಗೆ ಜಕಾರ್ಡ್ ಮಗ್ಗ ಬಳಸುತ್ತಾರೆ. ಇಂಗ್ಲೆಂಡಿನ ಬ್ಯಾಬೇಜ್ ತಾನು ಕಟ್ಟಬೇಕೆಂದಿದ್ದ ಲೆಕ್ಕದ ಯಂತ್ರಕ್ಕೂ ಅಂಥ ರಟ್ಟುಗಳನ್ನೇ ಆರಿಸಿಕೊಂಡ. ಯಂತ್ರವೇನೋ ಪೂರ್ತಿಯಾಗಲಿಲ್ಲ. ಆದರೆ ಅದು ಲೆಕ್ಕ ಮಾಡಬೇಕಾದ ಕ್ರಮವನ್ನು 1843ರಲ್ಲಿ ಪ್ರಕಟಿಸಿದವಳು ಏಡಾ ಲವ್‌ಲೇಸ್, ಮೂರು ಮಕ್ಕಳ ತಾಯಿ! ಅದನ್ನೇ ಮೊಟ್ಟಮೊದಲ ಪ್ರೋಗ್ರಾಂ ಎಂದು ಹಲವರು ಕರೆಯುತ್ತಾರೆ. ಕಂಪ್ಯೂಟರ್ ಹೆಣ್ಣುಮಕ್ಕಳಿಗಲ್ಲ ಎನ್ನುವ ನೆಂಟರಿಗೂ ಇದನ್ನು ತಿಳಿಸಿ.

ಹತ್ತು ದಿನ ಹೀಗೆ ಮಾತಾಡಿದ ಮೇಲೆ ನಾಲ್ಕೇ ನಾಲ್ಕು ಇಂಗ್ಲಿಷ್ ವಾಕ್ಯ ಬರೆಯಲಿ: ಹೆಸರು, ಊರು, ಇಷ್ಟವಾದ ವಿಷಯ, ಅದು ಯಾಕೆ ಇಷ್ಟ. ದಿನವೂ ನಿಮ್ಮೆದುರು ಗಟ್ಟಿಯಾಗಿ ಹೇಳಲಿ. ತಪ್ಪಿದರೆ ತಪ್ಪಲಿ, ನಿಮ್ಮ ಮುಂದೆ ನಾಚಿಕೆ ಏತಕ್ಕೆ? ಮುಂದೆ ಕೆಲಸದ ಸಂದರ್ಶನದಲ್ಲೂ ಸಾಮಾನ್ಯವಾಗಿ ಮೊದಲು ಕೇಳುವುದು ಇದನ್ನೇ.

ಕನಕಪುರ, ಮಾಗಡಿ ಕಡೆಯ ತಾಯಂದಿರೂ ಇದನ್ನು ಮಾಡಿ ನೋಡಬಹುದು. ವಿಷಯ ತಲೆಗೆ ಹತ್ತಿದ ಹುಡುಗಿಗೆ ಭಾಷೆ ನಿಧಾನವಾಗಿ ಒಲಿಯುತ್ತದೆ. ಅಲ್ಲಿಯವರೆಗೆ ಓದು ಬಿಡಿಸಬೇಡಿ.