ಆಪ್ ವಾಪಸ್ ಬಂತು, ತಪ್ಪು ಯಾರದು?

ಗೆಳೆಯನೊಬ್ಬ ಗಾದೆಗಳ ಪುಟ್ಟ ಐಫೋನ್ ಆಪ್ ಮಾಡಿದ್ದ. ಆಪ್ ಸ್ಟೋರಿಗೆ ಕಳಿಸಿದರೆ ವಾಪಸ್! "ಬರೀ ಕಿರಿಕಿರಿ ಮಾರಾಯ" ಅಂತ ಫೋನಿನಲ್ಲಿ ರೇಗಾಡಿದ. ನನಗೇನೋ ತಪ್ಪು ಇವನದೇ ಅನ್ನಿಸಿತು.

2021ರ ಏಪ್ರಿಲ್‌ನಲ್ಲಿ ಐಓಎಸ್ 14.5 ಬಂದಾಗಿನಿಂದ, ಜಾಹೀರಾತಿಗಾಗಿ ಬಳಕೆದಾರರನ್ನು ಬೇರೆ ಕಂಪನಿಗಳ ಆಪ್, ಸೈಟುಗಳಲ್ಲೂ ಹಿಂಬಾಲಿಸಬೇಕಿದ್ದರೆ ಮೊದಲು ಅವರನ್ನು ಕೇಳಲೇಬೇಕು. ಇವನು ಆಪ್ ಸಲ್ಲಿಸುವಾಗ ‘ಹಿಂಬಾಲಿಸುತ್ತೇವೆ’ ಅಂತ ಟಿಕ್ ಹಾಕಿದ್ದ, ಆಪಿನಲ್ಲಿ ಮಾತ್ರ ಯಾರನ್ನೂ ಕೇಳಿರಲಿಲ್ಲ. ಜಾಹೀರಾತಿನ ಎಸ್‌ಡಿಕೆ ಒಳಗೊಳಗೇ ಏನು ಮಾಡುತ್ತದೆ ಅಂತ ನೋಡದೇ ಅಂಟಿಸಿದ್ದ. ಎಸ್‌ಡಿಕೆ ಬೇರೆಯವರದಾದರೂ ಅದು ಮಾಡುವುದಕ್ಕೆಲ್ಲ ನಾವೇ ಹೊಣೆ.

ಹಾಗಂತ ಆಪಲ್ ಮಾಡಿದ್ದೆಲ್ಲ ಸರಿ ಅಂತಲ್ಲ. ಇದೇ ವ್ಯವಸ್ಥೆಯ ವಿಚಾರಕ್ಕೆ 2025ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ ಅದಕ್ಕೆ 15 ಕೋಟಿ ಯೂರೋ ದಂಡ ಹಾಕಿತು. ಆದರೆ ಆಕ್ಷೇಪ ಇದ್ದದ್ದು ಜಾರಿಗೆ ತಂದ ರೀತಿಗೆ, ಉದ್ದೇಶಕ್ಕಲ್ಲ.

ಗಾದೆ ಓದುವವರ ಬೆನ್ನು ಹತ್ತಿ ನಮಗೇನಾಗಬೇಕು? ಟ್ರ್ಯಾಕಿಂಗ್ ತೆಗೆದುಹಾಕು, ಆಮೇಲೆ ಆ ಟಿಕ್ ಅಳಿಸು, ಸಾದಾ ಜಾಹೀರಾತು ಹಾಕು ಅಂದೆ. ನಾಲ್ಕು ಕಾಸು ಕಡಿಮೆ ಬರಬಹುದು. ಬರಲಿ ಬಿಡಿ... ಹೇಳದೇ ಕೇಳದೇ ಇನ್ನೊಬ್ಬರ ಮನೆ ಇಣುಕುವುದಕ್ಕಿಂತ ವಾಸಿ.

ನೀವೇನಂತೀರಿ?